ಡ್ರೋನ್ ಮೂಲಕ ಸಾಮಾನು ಸಾಗಣೆ: ನಮ್ಮ ಗುಡ್ಡಗಾಡಿಗೆ ಎಷ್ಟು ಉಪಯುಕ್ತ?

ಮಳೆಗಾಲದಲ್ಲಿ ಹಳ್ಳ ತುಂಬಿ ಸಂಕ ಮುಳುಗಿದಾಗ ಔಷಧಿ, ಅಂಚೆ, ಪಂಪಿನ ಬಿಡಿಭಾಗ ಮುಂತಾದವನ್ನು ಡ್ರೋನ್ ಮೂಲಕ ತರಿಸುವ ಏರ್ಪಾಡನ್ನು ಸಂಘವೇ ಏಕೆ ಮಾಡಬಾರದೆಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಸಂಘದ ನಿಧಿಯಿಂದ ಒಂದು ಯಂತ್ರವನ್ನು ಕೊಳ್ಳಬೇಕೆಂಬ ಲಿಖಿತ ಸಲಹೆಯೂ ಬಂದಿದೆ. ಆಡಳಿತ ಮಂಡಳಿಯ ಮುಂದೆ ಈ ವಿಷಯ ಬರುವ ಮುನ್ನ ಸದಸ್ಯ ಬಾಂಧವರಿಗೆ ಅದರ ಪರಿಚಯವಿರುವುದು ಒಳ್ಳೆಯದೆಂದು ಈ ಲೇಖನ. ಬೋರ್ಡೋ ದ್ರಾವಣ ಸಿಂಪಡಿಸುವ ಡ್ರೋನಿನ ಮಾತು ಇಲ್ಲಿಲ್ಲ. ಅದು ನಮ್ಮ ತೋಟದೊಳಗೆ, ನಮ್ಮ ಕಣ್ಣೆದುರಿಗೇ ಹಾರುವಂಥದು. ಸಾಮಾನು ಹೊತ್ತು ಊರಿಂದೂರಿಗೆ ಹೋಗುವ ಡ್ರೋನಿನ ವಿಚಾರವೇ ಬೇರೆ.

ಈ ಕೆಲಸದಲ್ಲಿ ನಮಗೆ ಪಾಠವಾಗಬಲ್ಲ ದೇಶವೆಂದರೆ ಆಫ್ರಿಕದ ರುವಾಂಡ. ಅದೂ ಕಾಫಿ ಬೆಳೆಯುವ ನಾಡೇ. ‘ಸಾವಿರ ಬೆಟ್ಟಗಳ ನಾಡು’ ಎಂದು ಅದನ್ನು ಕರೆಯುವುದುಂಟು. 2016ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಜಿಪ್‌ಲೈನ್ ಎಂಬ ಅಮೆರಿಕದ ಕಂಪನಿಯ ಮೂಲಕ ಆಸ್ಪತ್ರೆಗಳಿಗೆ ರಕ್ತವನ್ನು ಡ್ರೋನಿನಲ್ಲಿ ಕಳುಹಿಸಲಾರಂಭಿಸಿತು. ಮೊದಲ ಕೇಂದ್ರ ಮುಹಾಂಗದಲ್ಲಿ. 2018ರಲ್ಲಿ ಕಯೋಂಜದಲ್ಲಿ ಇನ್ನೊಂದು. ಆಸ್ಪತ್ರೆಯಿಂದ ಬೇಡಿಕೆ ಬಂದೊಡನೆ ಕೇಂದ್ರದವರು ರಕ್ತದ ಚೀಲವನ್ನು ಪೆಟ್ಟಿಗೆಯಲ್ಲಿಟ್ಟು, ರೆಕ್ಕೆಯುಳ್ಳ ಒಂದು ಪುಟ್ಟ ವಿಮಾನಕ್ಕೆ ತುಂಬಿ, ಕವಣೆಯಿಂದ ಕಲ್ಲು ಬೀರಿದಂತೆ ಅದನ್ನು ಹಾರಿಸುತ್ತಾರೆ. ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ. ಅದು ಆಸ್ಪತ್ರೆಯಲ್ಲಿ ಇಳಿಯುವುದಿಲ್ಲ. ಪೆಟ್ಟಿಗೆಯನ್ನು ಪ್ಯಾರಾಚೂಟ್ ಕಟ್ಟಿ ಬೀಳಿಸಿ ಹಿಂದಿರುಗುತ್ತದೆ. ಹೊರುವ ಭಾರ ಎರಡು ಕಿಲೋಗಿಂತ ಕಡಿಮೆ.

2017ರಿಂದ 2019ರವರೆಗಿನ ಹನ್ನೆರಡು ಸಾವಿರಕ್ಕೂ ಮಿಕ್ಕಿದ ಬೇಡಿಕೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2022ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಂತೆ ರಕ್ತ ತಲುಪಲು ತಗುಲಿದ ಸರಾಸರಿ ಕಾಲ ಸುಮಾರು 50 ನಿಮಿಷ. ರಸ್ತೆಯ ಮೂಲಕ ತರುವುದಕ್ಕಿಂತ ಕನಿಷ್ಠ 79 ನಿಮಿಷ ಬೇಗ. ಪತ್ರಿಕೆಗಳೆಲ್ಲ ಈ ವೇಗವನ್ನೇ ಎತ್ತಿ ಹೇಳಿದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ: ಅವಧಿ ಮೀರಿ ಹಾಳಾಗುತ್ತಿದ್ದ ರಕ್ತದ ಪ್ರಮಾಣ ಒಂದು ವರ್ಷದಲ್ಲಿ ಶೇಕಡ 67ರಷ್ಟು ಇಳಿಯಿತು.

ಇದರ ಮರ್ಮವನ್ನು ಸಂಘದ ಗೋದಾಮು ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಕ್ತದಲ್ಲಿ ಹಲವು ಗುಂಪು, ಹಲವು ಅಂಶ. ಪ್ಲೇಟ್‌ಲೆಟ್ ಎಂಬ ಅಂಶ ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಪ್ರತಿಯೊಂದು ಸಣ್ಣ ಆಸ್ಪತ್ರೆಯೂ ಎಲ್ಲ ಗುಂಪಿನ ರಕ್ತವನ್ನು ಇಟ್ಟುಕೊಂಡರೆ ಹೆಚ್ಚಿನದು ಹಾಳಾಗುತ್ತದೆ. ಇಟ್ಟುಕೊಳ್ಳದಿದ್ದರೆ ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ ಆ ಗಳಿಗೆಯಲ್ಲಿ ಸಿಗುವುದಿಲ್ಲ. ಒಂದೇ ಕಡೆ ದಾಸ್ತಾನಿಟ್ಟು ಬೇಕೆಂದಾಗ ಬೇಕಾದಲ್ಲಿಗೆ ಮುಟ್ಟಿಸಲು ಸಾಧ್ಯವಾದುದರಿಂದ ಎರಡು ತೊಂದರೆಯೂ ತಗ್ಗಿದವು. ಅಂದರೆ ಲಾಭ ಬಂದದ್ದು ಯಂತ್ರ ಹಾರಿದ್ದರಿಂದ ಮಾತ್ರವಲ್ಲ, ಅದರ ಹಿಂದಿದ್ದ ದಾಸ್ತಾನು, ದೂರವಾಣಿಯ ಬಳಿ ಹಗಲಿರುಳು ಕುಳಿತ ಸಿಬ್ಬಂದಿ, ಹಣ ಕೊಡುವ ಸರ್ಕಾರ ಇವೆಲ್ಲ ಸೇರಿದ್ದರಿಂದ.

ನಮ್ಮ ದೇಶದಲ್ಲೂ ಪ್ರಯೋಗಗಳು ನಡೆದಿವೆ. 2021ರ ಜೂನ್ ತಿಂಗಳಲ್ಲಿ ನಮ್ಮದೇ ರಾಜ್ಯದ ಗೌರಿಬಿದನೂರಿನ ಬಳಿ ಬೆಂಗಳೂರಿನ ಕಂಪನಿಯೊಂದು, ಹಾರಿಸುವವನ ಕಣ್ಣಳತೆಯನ್ನು ಮೀರಿ ಔಷಧಿ ಸಾಗಿಸುವ ಪರೀಕ್ಷೆ ನಡೆಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಣಿಪುರದ ಬಿಷ್ಣುಪುರ ಜಿಲ್ಲಾ ಆಸ್ಪತ್ರೆಯಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆ ಹಾರಿತು. ರಸ್ತೆಯಲ್ಲಿ 26 ಕಿಲೋಮೀಟರ್. ಆಕಾಶದಲ್ಲಿ 15 ಕಿಲೋಮೀಟರ್, ಕಾಲು ಗಂಟೆಯ ದಾರಿ. 2022ರ ಮೇ ತಿಂಗಳಲ್ಲಿ ಗುಜರಾತಿನ ಕಚ್ಛ್ ಜಿಲ್ಲೆಯಲ್ಲಿ ಅಂಚೆ ಇಲಾಖೆಯ ಕಟ್ಟೊಂದು 46 ಕಿಲೋಮೀಟರನ್ನು 25 ನಿಮಿಷದಲ್ಲಿ ಕ್ರಮಿಸಿತು. ಇವೆಲ್ಲ ಪ್ರಯೋಗಗಳೆಂಬುದನ್ನು ಮರೆಯಬಾರದು. ಒಂದು ದಿನ ಹಾರಿಸುವುದು ಬೇರೆ, ಆಷಾಢದ ಮಳೆಯಲ್ಲಿ ಪ್ರತಿದಿನ ಹಾರಿಸುವುದು ಬೇರೆ.

ಇನ್ನು ನಮ್ಮ ಅಗತ್ಯಗಳನ್ನು ನೋಡೋಣ. ಒಂದು ಚೀಲ ಪಾರ್ಚ್‌ಮೆಂಟ್ ಕಾಫಿ 50 ಕಿಲೋ. ಅಡಿಕೆ ಮೂಟೆ ಅದಕ್ಕಿಂತ ಹಗುರವೇನಲ್ಲ. ಬೆಳೆ ಸಾಗಿಸಲು, ಗೊಬ್ಬರ ತರಿಸಲು ಲಾರಿ, ಜೀಪುಗಳೇ ಗತಿ. ತೂಕ ಕಡಿಮೆಯಿದ್ದು, ಯಾವಾಗ ಬೇಕಾಗುವುದೆಂದು ಮೊದಲೇ ತಿಳಿಯದ, ತಡವಾದರೆ ಭಾರಿ ನಷ್ಟವಾಗುವ ವಸ್ತುವಿಗೆ ಮಾತ್ರ ಡ್ರೋನ್ ತಕ್ಕುದು. ಪಲ್ಪರಿನ ಬೇರಿಂಗು ಹಗುರವೇ. ಆದರೆ ಕೊಯ್ಲಿನ ಕಾಲಕ್ಕೆ ಅದು ಬೇಕಾಗಬಹುದೆಂದು ನಮಗೆ ಗೊತ್ತು, ನವೆಂಬರಿನಲ್ಲೇ ತಂದಿಟ್ಟುಕೊಂಡರಾಯಿತು. ಉಳಿಯುವುದು ರಕ್ತ, ಹುಚ್ಚುನಾಯಿ ಕಡಿತದ ಲಸಿಕೆ, ಹಾವಿನ ವಿಷಕ್ಕೆ ಕೊಡುವ ಮದ್ದು, ಪರೀಕ್ಷೆಗೆ ಕಳುಹಿಸುವ ರಕ್ತದ ಮಾದರಿ ಇಂಥವು.

ಹಾವಿನ ಮದ್ದಿನ ಬಗ್ಗೆ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಅದು ತೋಟದ ಮನೆಯ ಅಂಗಳಕ್ಕೇ ಬಂದಿಳಿದರೆ ಜೀವ ಉಳಿದಂತೆ ಎಂದು ಹಲವರು ತಿಳಿದಿದ್ದಾರೆ. ಆ ಮದ್ದನ್ನು ನರಕ್ಕೆ ಕೊಡಬೇಕು. ಕೆಲವರಿಗೆ ಅದೇ ಒಗ್ಗದೆ ರಕ್ತದೊತ್ತಡ ಕುಸಿದು ಉಸಿರು ಕಟ್ಟುವುದುಂಟು. ಅದನ್ನು ನಿಭಾಯಿಸಬಲ್ಲ ವೈದ್ಯರು ಪಕ್ಕದಲ್ಲಿರಬೇಕು. ಹತ್ತು ಬಾಟಲಿ ಬೇಕಾಗುವ ಸಂದರ್ಭವೂ ಸಾಮಾನ್ಯ. ಆದ್ದರಿಂದ ಡ್ರೋನ್ ಬರಬೇಕಾದುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಕಚ್ಚಿಸಿಕೊಂಡವರನ್ನು ಅಲ್ಲಿಗೆ ಹೊತ್ತೊಯ್ಯುವ ಕೆಲಸ ನಮಗೆ ತಪ್ಪದು. ಅಲ್ಲಿ ವೈದ್ಯರೇ ಇಲ್ಲದಿದ್ದರೆ ಮೇಲಿನಿಂದ ಎಷ್ಟು ಮದ್ದು ಬಿದ್ದರೂ ಅಷ್ಟೆ.

ಅಪಾಯಗಳೂ ಕಲ್ಪನೆಯವಲ್ಲ. ಸ್ವಿಟ್ಜರ್ಲೆಂಡಿನ ಅಂಚೆ ಇಲಾಖೆ ಆಸ್ಪತ್ರೆಗಳ ನಡುವೆ ಪರೀಕ್ಷಾ ಮಾದರಿಗಳನ್ನು ಸಾಗಿಸುತ್ತಿತ್ತು. 2019ರ ಜನವರಿಯಲ್ಲಿ ಒಂದು ಡ್ರೋನ್ ಜ್ಯೂರಿಕ್ ಸರೋವರಕ್ಕೆ ಬಿತ್ತು. ಮೇ ತಿಂಗಳಲ್ಲಿ ಇನ್ನೊಂದರ ಪ್ಯಾರಾಚೂಟಿನ ಹಗ್ಗವೇ ತುಂಡಾಗಿ, ಶಿಶುವಿಹಾರದ ಮಕ್ಕಳು ಆಡುತ್ತಿದ್ದ ಜಾಗದಿಂದ ಸುಮಾರು 50 ಮೀಟರ್ ದೂರದಲ್ಲಿ ಅಪ್ಪಳಿಸಿತು. ಮಕ್ಕಳಿಗೆ ಪೆಟ್ಟಾಗಲಿಲ್ಲ, ಹಾರಾಟವನ್ನು ನಿಲ್ಲಿಸಲಾಯಿತು. ಆಸ್ಟ್ರೇಲಿಯದ ಬ್ರಿಸ್ಬೇನ್ ಬಳಿ 2022ರ ಸೆಪ್ಟೆಂಬರಿನಲ್ಲಿ ಬಿಸಿ ಊಟ ಹೊತ್ತ ಡ್ರೋನ್ ವಿದ್ಯುತ್ ತಂತಿಯ ಮೇಲೆ ಇಳಿದು ಸುಮಾರು ಎರಡು ಸಾವಿರ ಮನೆಗಳಿಗೆ ಕರೆಂಟು ಹೋಯಿತು. ಯಾರದೋ ಊಟಕ್ಕಾಗಿ ಊರಿಗೆಲ್ಲ ಕತ್ತಲೆ! ನಮ್ಮಲ್ಲಿಯಾದರೋ ಸಿಲ್ವರ್ ಓಕ್ ಮರಗಳ ನಡುವೆ ಎಲ್ಲೆಲ್ಲೋ ತಂತಿ ಹಾದಿರುತ್ತದೆ. ಮಂಜು ಕವಿಯುತ್ತದೆ, ಗುಡ್ಡ ಅಡ್ಡ ಬಂದರೆ ಸಂಪರ್ಕವೂ ಕಡಿಯುತ್ತದೆ. ಡ್ರೋನ್ ಬಹಳವಾಗಿ ಬೇಕಾಗುವ ದಿನವೇ ಅದು ಹಾರಲಾಗದ ದಿನವೂ ಆಗುವುದು ನಮ್ಮ ಸೀಮೆಯ ಕಷ್ಟ.

ಕಾನೂನಿನ ಚೌಕಟ್ಟು 2021ರ ಆಗಸ್ಟ್ 25ರಂದು ಹೊರಟ ಡ್ರೋನ್ ನಿಯಮಗಳದು. ಹೊತ್ತ ಸಾಮಾನೂ ಸೇರಿದ ಒಟ್ಟು ತೂಕದ ಮೇಲೆ ವರ್ಗ: 250 ಗ್ರಾಮಿನವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸಣ್ಣದು, 150 ಕಿಲೋವರೆಗೆ ಮಧ್ಯಮ, ಮೇಲಿನದು ದೊಡ್ಡದು. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದೆ. ಹಸಿರಿನಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರಿನೊಳಗೆ ಈ ಮಿತಿ 200 ಅಡಿ. ಶಿವಮೊಗ್ಗದ ಸೋಗಾನೆಯ ಸುತ್ತಿನವರು ಇದನ್ನು ಗಮನಿಸಬೇಕು. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅಪ್ಪಣೆಯಿಲ್ಲದೆ ಹೋಗಕೂಡದು. ಯಂತ್ರಕ್ಕೆ ನೋಂದಣಿ ಸಂಖ್ಯೆ, ಹಾರಿಸುವವನಿಗೆ ತರಬೇತಿಯ ಪ್ರಮಾಣಪತ್ರ, ಮೂರನೆಯವರಿಗಾಗುವ ಹಾನಿಗೆ ವಿಮೆ ಅಗತ್ಯ. ಪೆಟ್ರೋಲು, ಹಲವು ಕೀಟನಾಶಕ ಮುಂತಾದ ಅಪಾಯಕಾರಿ ವಸ್ತುಗಳಿಗೆ ಪ್ರತ್ಯೇಕ ನಿರ್ಬಂಧವುಂಟು. ಕಣ್ಣಳತೆಯಾಚೆಗೆ ಹಾರಿಸುವುದಂತೂ, ನಮಗೆ ಬೇಕಾದುದು ಅದೇ, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ವಿಶೇಷ ಅನುಮತಿಯಿಂದ ನಡೆದುದು. 2025ರ ಸೆಪ್ಟೆಂಬರಿನಲ್ಲಿ ಹೊಸ ಮಸೂದೆಯೊಂದರ ಕರಡನ್ನೂ ಸರ್ಕಾರ ಪ್ರಕಟಿಸಿತು. ಕಾನೂನು ಇನ್ನೂ ಬದಲಾಗುತ್ತಿರುವಾಗ ಯಂತ್ರಕ್ಕೆ ಹಣ ಹೂಡುವುದು ಜಾಣತನವೆಂದು ನನಗೆ ತೋರುವುದಿಲ್ಲ.

ಆದ್ದರಿಂದ ಕಾರ್ಯದರ್ಶಿಯಾಗಿ ನಾನು ಮಂಡಳಿಯ ಮುಂದಿಡುವ ಅಭಿಪ್ರಾಯ ಇಷ್ಟು. ಸಂಘ ಸ್ವಂತ ಡ್ರೋನ್ ಕೊಳ್ಳಬಾರದು. ತಿಂಗಳಿಗೆ ಒಂದೆರಡು ಸಲ ಹಾರುವ ಯಂತ್ರಕ್ಕೆ ಚಾಲಕ, ಬ್ಯಾಟರಿ, ವಿಮೆ, ದುರಸ್ತಿ ಎಲ್ಲವನ್ನೂ ಹೊರುವ ಶಕ್ತಿ ನಮಗಿಲ್ಲ. ಅದು ಯಾರ ಮನೆಯ ಹೆಂಚಿನ ಮೇಲಾದರೂ, ಕಣದಲ್ಲಿ ಕೆಲಸ ಮಾಡುವವರ ಮೇಲಾದರೂ ಬಿದ್ದರೆ ಉತ್ತರ ಹೇಳಬೇಕಾದುದು ಎಲ್ಲ ಷೇರುದಾರರು. ಅದರ ಬದಲು ಮಳೆಗಾಲದಲ್ಲಿ ದಾರಿ ಕಡಿಯುವ ಹಳ್ಳಿಗಳ ಪಟ್ಟಿ ಮಾಡಿ, ಆರೋಗ್ಯ ಕೇಂದ್ರದಲ್ಲಿ ಹಾವಿನ ಮದ್ದು ಹಾಗೂ ಹುಚ್ಚುನಾಯಿ ಲಸಿಕೆಯ ದಾಸ್ತಾನನ್ನು ಮೇ ತಿಂಗಳಲ್ಲೇ ಭರ್ತಿ ಮಾಡುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬರೆಯೋಣ. ಜಿಲ್ಲಾ ಆಸ್ಪತ್ರೆಯಿಂದ ಡ್ರೋನ್ ಸೇವೆಯ ಪ್ರಯೋಗ ನಡೆಸಲು ಸರ್ಕಾರ ಮುಂದಾದರೆ ಇಳಿದಾಣಕ್ಕೆ ಜಾಗ ತೋರಿಸುವ ಹೊಣೆಯನ್ನು ಸಂಘ ಹೊರಬಹುದು.

ಈ ಉದ್ದೇಶಕ್ಕಾಗಿ, ಆರೋಗ್ಯ ಕೇಂದ್ರದ ಸಮೀಪದಲ್ಲಿ ಮರ, ವಿದ್ಯುತ್ ತಂತಿ ಯಾವುದೂ ಇಲ್ಲದ ಬಯಲು ಜಾಗ ಗೊತ್ತಿರುವ ಸದಸ್ಯರು ಅದರ ವಿವರವನ್ನು ಸರ್ವೆ ನಂಬರಿನ ಸಹಿತ ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರಿಕೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನೂ ನಮೂದಿಸಿರಿ.