ಡ್ರಿಂಕಿಂಗ್ ಚಾಕೊಲೇಟ್ ಪುಡಿ: ರುಚಿ ಪರೀಕ್ಷೆಯ ಕ್ರಮ

2024ರಲ್ಲಿ ನ್ಯೂಯಾರ್ಕ್ ವಾಯಿದಾ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್‌ಗಳನ್ನು ದಾಟಿತು. ಇಂತಹ ಸಂದರ್ಭದಲ್ಲಿ ಕೋಕೋ ಇಳಿಸಿ ಸಕ್ಕರೆ ಏರಿಸುವ ಯೋಚನೆ ತಯಾರಕರಿಗೆ ಬರುವುದು ಸಹಜ. ಆದರೆ ಗ್ರಾಹಕರ ನಾಲಿಗೆ ಅದನ್ನು ಗುರುತಿಸಿದಲ್ಲಿ ಗಳಿಸಿದ ಹೆಸರು ಕೈತಪ್ಪುತ್ತದೆ. ಆದುದರಿಂದ ಮಾರುಕಟ್ಟೆಯ ಪುಡಿಗಳನ್ನು ಕ್ರಮಬದ್ಧವಾಗಿ ಪರೀಕ್ಷಿಸುವುದು ಅವಶ್ಯಕ.

1. ಲೇಬಲ್: ಘಟಕಾಂಶಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಸಕ್ಕರೆ ಮೊದಲಿದ್ದರೆ ಪುಡಿಯಲ್ಲಿ ಅದೇ ಅತ್ಯಧಿಕವೆಂದು ತಿಳಿಯಬೇಕು.

2. ಬಣ್ಣ: ಕ್ಷಾರದಿಂದ ಸಂಸ್ಕರಿಸಿದ ಕೋಕೋ ಕಡುಬಣ್ಣ ತಾಳುತ್ತದೆ, ಅದರ ಹುಳಿಯೂ ತಗ್ಗುತ್ತದೆ. ಆದ್ದರಿಂದ ಕಡುಬಣ್ಣ ಕಂಡ ಮಾತ್ರಕ್ಕೆ ಕೋಕೋ ಹೆಚ್ಚಿದೆಯೆಂದು ತೀರ್ಮಾನಿಸಲಾಗದು.

3. ತಯಾರಿ: ಪುಡಿಯ ತೂಕ, ಹಾಲಿನ ಅಳತೆ, ಉಷ್ಣತೆ ಇವು ಎಲ್ಲ ಮಾದರಿಗಳಿಗೂ ಸಮನಾಗಿರಬೇಕು. ಕೋಕೋ ಪೂರ್ಣವಾಗಿ ಕರಗುವ ವಸ್ತುವಲ್ಲ. ಕಲಕಿದೊಡನೆ ಗಂಟುಗಳನ್ನೂ, 5 ನಿಮಿಷಗಳ ನಂತರ ತಳದ ಗಷ್ಟನ್ನೂ ಗಮನಿಸಬೇಕು.

4. ಸವಿಯುವಿಕೆ: ಮೊದಲು ಪರಿಮಳ, ಬಳಿಕ ಸಿಹಿ, ಕಹಿ, ನುಣುಪು, ಕೊನೆಗೆ ನುಂಗಿದ ನಂತರ ಉಳಿಯುವ ರುಚಿ. ಎರಡು ಮಾದರಿಗಳ ನಡುವೆ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಬೇಕು.

5. ಮೂರು ಲೋಟಗಳ ಪರೀಕ್ಷೆ: ಹಳೆಯ ಹಾಗೂ ಹೊಸ ಮಿಶ್ರಣಗಳನ್ನು ಹೋಲಿಸಲು ಇದು ಸುಲಭೋಪಾಯ. ಸಂಕೇತ ಸಂಖ್ಯೆ ಬರೆದ ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಮಿಶ್ರಣವಿದ್ದು, ಬೇರೆಯಾದುದನ್ನು ಗುರುತಿಸಲು ಹೇಳಬೇಕು. 12 ಮಂದಿಯಲ್ಲಿ ಸರಾಸರಿ 4 ಮಂದಿ ಕೇವಲ ಊಹೆಯಿಂದಲೇ ಸರಿಯಾಗಿ ಹೇಳಬಲ್ಲರು. 8 ಅಥವಾ ಹೆಚ್ಚು ಮಂದಿ ಗುರುತಿಸಿದರೆ ವ್ಯತ್ಯಾಸವು ಆಕಸ್ಮಿಕವಲ್ಲವೆಂದು ಪರಿಗಣಿಸಲಾಗುತ್ತದೆ.

ಅಂತಹ ಮಿಶ್ರಣವನ್ನು ಹಳೆಯ ಹೆಸರಿನಲ್ಲಿ ಮಾರುಕಟ್ಟೆಗೆ ಬಿಡುವ ಮುನ್ನ ತಯಾರಕರು ಮತ್ತೊಮ್ಮೆ ಆಲೋಚಿಸುವುದು ಲೇಸು. ಒಪ್ಪಿತವಾದ ಪ್ರತಿ ತಂಡದ ಪುಡಿಯಲ್ಲಿ ಸ್ವಲ್ಪವನ್ನು ಗಾಳಿಯಾಡದ ಡಬ್ಬಿಯಲ್ಲಿ, ದಿನಾಂಕ ನಮೂದಿಸಿ ಕಾದಿರಿಸಿದರೆ ಮುಂದಿನ ಹೋಲಿಕೆಗೆ ಅದೇ ಆಧಾರವಾಗುತ್ತದೆ.