ಕರೆಂಟಿಗೆ ಮುನ್ನ ಬರುವ ಕಾಗದ

ಅರ್ಬುದವೆಂದು ನಿರ್ಣಯವಾಗಿ ವಿಕಿರಣ ಚಿಕಿತ್ಸೆಗೆ, ಎಂದರೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಜನರು 'ಕರೆಂಟು ಕೊಡುವುದು' ಎನ್ನುವ ಚಿಕಿತ್ಸೆಗೆ, ಅಣಿಯಾಗುವ ರೋಗಿಯ ಮುಂದೆ ಯಂತ್ರಕ್ಕಿಂತ ಮೊದಲು ಬರುವುದು ಒಂದು ಸಮ್ಮತಿಪತ್ರ. ಅದರ ಅಡಿಯ ಖಾಲಿ ಗೆರೆಯನ್ನು ಯಾರೋ ಬೆರಳಿಟ್ಟು ತೋರಿಸಿದೊಡನೆ, ಮೇಲಿನ ಸಾಲುಗಳನ್ನು ಓದದೆ, ಅನೇಕ ವೇಳೆ ರೋಗಿಯ ಬದಲು ಹಿರಿಯ ಮಗನೇ ರುಜು ಹಾಕಿಬಿಡುವುದು ನಮ್ಮ ಮನೆಗಳಲ್ಲಿ ವಾತ್ಸಲ್ಯದ ಲಕ್ಷಣವೆಂದೇ ಪರಿಗಣಿತವಾಗಿದೆ. ಕಾನೂನು ಹಾಗೆ ಪರಿಗಣಿಸುವುದಿಲ್ಲ.

2008ರಲ್ಲಿ ಸಮೀರಾ ಕೊಹ್ಲಿ ಅವರ ಮೊಕದ್ದಮೆಯನ್ನು ತೀರ್ಮಾನಿಸುತ್ತ ಸರ್ವೋಚ್ಚ ನ್ಯಾಯಾಲಯವು, ಪರೀಕ್ಷೆಗೆಂದು ಪ್ರಜ್ಞೆ ತಪ್ಪಿಸಲಾಗಿದ್ದ ವಯಸ್ಕ ಮಹಿಳೆಯ ಪರವಾಗಿ ಆಕೆಯ ತಾಯಿಯಿಂದ ಪಡೆದ ಒಪ್ಪಿಗೆ ಸಿಂಧುವಲ್ಲವೆಂದೂ, ಪ್ರಾಣಾಪಾಯದ ತುರ್ತಿಲ್ಲದಾಗ ಎಚ್ಚರಗೊಳ್ಳುವವರೆಗೆ ಕಾದು ಆಕೆಯನ್ನೇ ಕೇಳಬೇಕಿತ್ತೆಂದೂ ನಿರ್ಣಯಿಸಿತು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಇರಬಹುದಾದ ಪರ್ಯಾಯಗಳು, ಗಣನೀಯ ಅಪಾಯಗಳು, ನಿರಾಕರಿಸಿದಲ್ಲಿ ಒದಗುವ ಪರಿಣಾಮ, ಇವಿಷ್ಟನ್ನು ವೈದ್ಯರು ತಿಳಿಸತಕ್ಕದ್ದು. ತೀರ ವಿರಳವಾದ ಅನಿಷ್ಟಗಳನ್ನೆಲ್ಲ ಎಣಿಸಿ ರೋಗಿಯನ್ನು ಭಯಗೊಳಿಸಬೇಕಾಗಿಲ್ಲವೆಂಬ ವಿವೇಕವೂ ಆ ತೀರ್ಪಿನಲ್ಲುಂಟು. ರೋಗದ ಹೆಸರನ್ನೇ ರೋಗಿಯಿಂದ ಮುಚ್ಚಿಟ್ಟು ಚಿಕಿತ್ಸೆ ಕೊಡಿಸುವ ಕರುಣೆ ಎಷ್ಟೇ ನಿರ್ವ್ಯಾಜವಾಗಿದ್ದರೂ, ದೇಹ ಯಾರದೋ ತೀರ್ಮಾನ ಅವರದೇ.

ಆದುದರಿಂದ ಪ್ರಶ್ನೆಗಳನ್ನು, ವಿಕಿರಣ ಬೀಳಬೇಕಾದ ಜಾಗವನ್ನು ಗುರುತಿಸುವ ಯೋಜನಾ ಸ್ಕ್ಯಾನಿನ ದಿನಕ್ಕೆ ಮೊದಲೇ ಕೇಳುವುದು ಲೇಸು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮೋರೆಯ ಮೇಲೆ ಎಳೆದು ಅಚ್ಚು ತೆಗೆಯುತ್ತಿರುವಾಗ, ಇಲ್ಲವೆ ಎದೆಯ ಮೇಲೆ ಗುರುತಿನ ಚುಕ್ಕೆಗಳನ್ನು ಇಡುತ್ತಿರುವಾಗ, ವಿಚಾರಿಸುವ ಧೈರ್ಯವೂ ವ್ಯವಧಾನವೂ ಯಾರಿಗಿರುತ್ತದೆ? ಬಾಯಿ ಗಂಟಲುಗಳಿಗೆ ವಿಕಿರಣ ಬೀಳುವುದಾದರೆ ಹಲ್ಲಿನ ತಪಾಸಣೆ ಮೊದಲೇ ಆಗಬೇಕೆ, ಸಂತಾನಶಕ್ತಿಗೆ ಹಾನಿಯುಂಟೆ, ಒಟ್ಟು ಎಷ್ಟು ದಿನ ಬರಬೇಕು, ಇವನ್ನು ಕೇಳಿ ಬರೆದಿಟ್ಟುಕೊಳ್ಳಿ. ಗರ್ಭದ ಶಂಕೆಯಿದ್ದವರು ಅದನ್ನು ತಾವಾಗಿಯೇ ಹೇಳಲೇಬೇಕು.

ಖರ್ಚಿನ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಪಡಿತರ ಚೀಟಿ, ಆಧಾರ್‌ಗಳನ್ನು ಮೊದಲ ದಿನವೇ ಒಯ್ಯಬೇಕು. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಅರ್ಬುದರೋಗಿಗೂ ಜೊತೆಗಾರನಿಗೂ ರೈಲ್ವೆಯ ದರ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದರಾಯಿತು.

ದಾಖಲೆಗಳನ್ನು ಮಾತ್ರ ಉಪೇಕ್ಷಿಸಬಾರದು. 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯಂತೆ ರೋಗಿಯಾಗಲಿ ಅಧಿಕೃತ ಸಹಾಯಕನಾಗಲಿ ಕೇಳಿದ 72 ಗಂಟೆಗಳೊಳಗೆ ದಾಖಲೆ ದೊರೆಯತಕ್ಕದ್ದು. ಬೇಡಿಕೆಯನ್ನು ಬರಹದಲ್ಲಿ ಸಲ್ಲಿಸಿ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಯಾವ ಭಾಗಕ್ಕೆ ಎಷ್ಟು ಪ್ರಮಾಣದ ವಿಕಿರಣ ಬಿದ್ದಿತೆಂಬ ಸಾರಾಂಶಪತ್ರವಿಲ್ಲದೆ ಮುಂದೊಮ್ಮೆ ಅದೇ ಜಾಗಕ್ಕೆ ಚಿಕಿತ್ಸೆ ಯೋಜಿಸುವುದು ವೈದ್ಯರಿಗೆ ದುಸ್ತರ.

ಸೇವೆಯಲ್ಲಿ ನ್ಯೂನತೆ ಕಂಡುಬಂದರೆ ವ್ಯಾಜ್ಯಕಾರಣ ಹುಟ್ಟಿದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಒಳಪಡದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲೇ ಸ್ಪಷ್ಟಪಡಿಸಿರುವುದರಿಂದ, ಅಂಥಲ್ಲಿ ನೊಂದವರು ಸಿವಿಲ್ ನ್ಯಾಯಾಲಯವನ್ನೋ ವೈದ್ಯಕೀಯ ಪರಿಷತ್ತನ್ನೋ ಆಶ್ರಯಿಸಬೇಕಾಗುತ್ತದೆ.