ದುಡ್ಡು ಕೊಡುವ ಮುನ್ನ ಒಂದು ಮಾತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಗೆಳೆಯರೇ, ಮಾಂತ್ರಿಕ ಲೋಕದ ಪಾತ್ರಾಭಿನಯದ ಆಟ ಆಡಬೇಕೆಂಬ ಆಸೆ ನಿಮಗಿದ್ದರೆ ಕನ್ಸೋಲ್ ಬೇಕೋ ಪಿಸಿ ಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿ. ಆಟದ ಹೆಸರು ಒಂದೇ ಇದ್ದರೂ ಅನುಭವ ಒಂದೇ ಆಗಿರುವುದಿಲ್ಲ.

2011ರ ‘ಸ್ಕೈರಿಮ್’ ಆಟವನ್ನು ನೆನಪಿಸಿಕೊಳ್ಳಿ. ಪ್ಲೇಸ್ಟೇಷನ್ 3ರಲ್ಲಿ ಆಡಿದಷ್ಟೂ ಸೇವ್ ಫೈಲ್ ದೊಡ್ಡದಾಗಿ, ಆಟ ತಡವರಿಸತೊಡಗಿತು. ಹತ್ತಾರು ಗಂಟೆ ಬೆಳೆಸಿದ ಪಾತ್ರ ಹೆಜ್ಜೆ ಎತ್ತಿಡಲೂ ಒದ್ದಾಡಿದರೆ ಯಾರಿಗೆ ಸಂಕಟವಾಗದು? ಪಿಸಿಯವರು ಅಭಿಮಾನಿಗಳೇ ಬರೆದ ಮಾರ್ಪಾಡುಗಳಿಂದ, ಅಂದರೆ ಮಾಡ್‌ಗಳಿಂದ, ಎಷ್ಟೋ ದೋಷ ಸರಿಪಡಿಸಿಕೊಂಡರು. ಕನ್ಸೋಲ್‌ಗೆ ಆ ಅವಕಾಶ ಬಂದದ್ದು 2016ರ ವಿಶೇಷ ಆವೃತ್ತಿಯಲ್ಲಿ. ಅದರಲ್ಲೂ ಪ್ಲೇಸ್ಟೇಷನ್‌ಗೆ ಕಟ್ಟುಪಾಡು ಹೆಚ್ಚು.

ಹಾಗೆಂದು ಪಿಸಿಯೂ ಸಲೀಸಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ ಪಿಸಿಯಲ್ಲಿ 150 ಜಿಬಿ ಜಾಗ ಕೇಳುತ್ತದೆ, ಎಸ್‌ಎಸ್‌ಡಿ ಬೇಕೇಬೇಕು. ಮೊಬೈಲ್ ಡೇಟಾ ನಂಬಿದವರಿಗೆ ಅದು ದಿನಗಟ್ಟಲೆಯ ಡೌನ್‌ಲೋಡ್. ಕಚೇರಿ ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪ್‌ನಲ್ಲಿ ಅದು ಓಡೀತೆಂದು ನಂಬಬೇಡಿ. ಗ್ರಾಫಿಕ್ಸ್ ಕಾರ್ಡ್ ಯಾವುದೆಂದು ನೋಡಿ. ಇಂಥ ಲೆಕ್ಕಾಚಾರ ಬೇಡವೆನ್ನುವವರಿಗೆ ಕನ್ಸೋಲೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ವಿದ್ಯುತ್ ಕೈಕೊಡುವ ಊರಿನಲ್ಲಿ ಯುಪಿಎಸ್ ಇಟ್ಟುಕೊಳ್ಳಿ, ಆಗಾಗ ಸೇವ್ ಮಾಡಿ. ಪಿಸಿಯಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯ ಮೂಲಕ ಆಟ ಕೊಂಡರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯಲ್ಲೇ ಆಟ ನಿಮ್ಮ ಯಂತ್ರಕ್ಕೆ ಒಗ್ಗುತ್ತದೋ ಇಲ್ಲವೋ ಪರೀಕ್ಷಿಸಿಬಿಡಿ.